ದೇವರಿಗೆ ಹಳೇ ತೂಕ

ಶಿರಸಿಯ ಎಲುಬಿನ ಡಾಕ್ಟರ ಹತ್ತಿರ ನಾನು ಕಂಪೌಂಡರ್ ಆಗಿದ್ದೆ. ಸಿದ್ದಾಪುರ, ಯಲ್ಲಾಪುರದವರೆಲ್ಲ ಮಂಡಿನೋವೆಂದು ನಮ್ಮಲ್ಲಿಗೇ ಬರುತ್ತಿದ್ದರು. ಮೈಭಾರ ಇಳಿಯದೆ ನೋವು ಇಳಿಯುವುದಿಲ್ಲವೆಂದು ಡಾಕ್ಟರು ಒಂದು ತೂಕದ ಯಂತ್ರ ತರಿಸಿ, ದಪ್ಪಗಿದ್ದವರ ಪಥ್ಯ ನೋಡಿಕೊಳ್ಳುವ ಕೆಲಸವನ್ನು ನನಗೇ ವಹಿಸಿದರು.

ಮೊದಲು ಕೋಲೂರಿಕೊಂಡು ಬಂದವರು ಸೋಂದಾ ಕಡೆಯ ಒಬ್ಬ ಅಮ್ಮ. ಯಂತ್ರ ನೋಡಿದ್ದೇ ಹಿಂದೆ ಸರಿದರು.

“ತಮಾ, ನೋವು ಹೋದ್ರೆ ಯನ್ನ ತೂಕದಷ್ಟು ಬೆಲ್ಲ ತುಲಾಭಾರ ಕೊಡ್ತೆ ಹೇಳಿ ಹರಕೆ ಹೊತ್ತಿದ್ದಿ. ಈಗ ತೂಕ ಇಳಿಸಿದ್ರೆ ದೇವರಿಗೆ ಮೋಸ ಆಗ್ತಿಲ್ಯ?”

ಡಾಕ್ಟರು ನನ್ನ ಕಡೆ ತಿರುಗಿದರು. ನನಗೊಂದು ಉಪಾಯ ಹೊಳೆಯಿತು. “ಇವತ್ತಿನ ತೂಕ ಚೀಟಿಯಲ್ಲಿ ಬರೆದುಕೊಡ್ತೇನೆ ಅಮ್ಮಾ. ದೇವರಿಗೆ ಅಷ್ಟೇ ಬೆಲ್ಲ ಕೊಡಿ. ಆಮೇಲೆ ಎಷ್ಟು ಇಳಿದರೂ ಮೋಸವಿಲ್ಲ.”

ಆರು ತಿಂಗಳ ಮೇಲೆ ಅವರು ಕೋಲಿಲ್ಲದೆ ನಡೆದು ಬಂದರು. ತುಲಾಭಾರದಲ್ಲಿ ಅವರು ಕೂತರೂ, ಚೀಟಿಯ ತೂಕದಷ್ಟು ಬೆಲ್ಲವಿದ್ದ ತಟ್ಟೆ ನೆಲ ಬಿಟ್ಟು ಏಳಲೇ ಇಲ್ಲವಂತೆ, ಊರೆಲ್ಲ ನಿಂತು ನೋಡಿತಂತೆ. ಹೇಳುತ್ತಿದ್ದವರು ಅವರು, ಎದೆ ಉಬ್ಬಿದ್ದು ನನ್ನದು.

ಪ್ರಸಾದವೆಂದು ದೊಡ್ಡ ಬೆಲ್ಲದುಂಡೆಯನ್ನೂ ತಂದಿದ್ದರು. ಪಥ್ಯದವರಿಗೆ ಕೊಡುವಂತಿಲ್ಲ, ದೇವರದ್ದೆಂದ ಮೇಲೆ ಬಿಸಾಡುವಂತಿಲ್ಲ. ನಾನೊಬ್ಬನೇ ತಿಂದು ಮುಗಿಸಿದೆ. ಆ ತಿಂಗಳೆಲ್ಲ ರೋಗಿಗಳನ್ನು ಯಂತ್ರ ಹತ್ತಿಸಿದೆ, ನಾನು ಮಾತ್ರ ಹತ್ತಲಿಲ್ಲ.