ಮೊಗ್ಗಿನ ಜಡೆಯ ಫೋಟೋ

ನಾವು ಚಿಕ್ಕವರಿದ್ದಾಗ ಹೆಣ್ಣುಮಕ್ಕಳ ಫೋಟೋಕ್ಕೂ ಒಂದು ಕಾಲವಿತ್ತು. ಬೇಸಿಗೆ ರಜೆಯಲ್ಲಿ ಮಲ್ಲಿಗೆ ಮೊಗ್ಗು ಹೇರಳವಾದಾಗ ಜಡೆಗೆ ಮೊಗ್ಗು ಹೊಲಿಸಿ, ಅದು ಅರಳುವ ಮುಂಚೆ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಿದ್ದರು. ಹಿಂದೆ ನಿಲುವುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯುವುದು ರೂಢಿ. ನಮ್ಮ ನೆಂಟರಿಷ್ಟರಲ್ಲಿ ಅಂಥದ್ದೊಂದು ಫೋಟೋ ಇಲ್ಲದ ನಡುಮನೆಯನ್ನು ನಾನು ನೋಡಿಲ್ಲ.

ನಾಲ್ಕನೇ ಕ್ಲಾಸು ಮುಗಿಸಿ ಬಾಗೂರಿನ ಅಜ್ಜಿಮನೆಗೆ ಹೋದ ಬೇಸಿಗೆಯಲ್ಲಿ ನನ್ನ ಸರದಿ ಬಂತು. ನನಗೆ ಮೊಗ್ಗಿನ ಜಡೆ ಬೇಕಿತ್ತು, ಫೋಟೋ ಬೇಡವಾಗಿತ್ತು. ನನ್ನ ಎಡಗಣ್ಣು ಮೂಗಿನ ಕಡೆಗೆ ಸರಿದಿತ್ತು. ಟೀಚರನ್ನೇ ನೋಡುತ್ತಿದ್ದರೂ ಅವರು "ಇಲ್ಲಿ ನೋಡು" ಎನ್ನುತ್ತಿದ್ದರು. ಹುಡುಗರು "ಮೆಳ್ಳಿ" ಎನ್ನುತ್ತಿದ್ದರು. ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಬೇಕೆಂದೇ ಕಣ್ಣು ಮುಚ್ಚಿದ್ದೆ.

ಅಜ್ಜಿಯ ಬೀರುವಿನ ಕನ್ನಡಿಯ ಮುಂದೆ ಒಂದು ಉಪಾಯ ಸಿಕ್ಕಿತು. ತಲೆಯನ್ನು ಎಡಕ್ಕೆ ತಿರುಗಿಸಿ, ಗದ್ದವನ್ನು ತುಸು ತಗ್ಗಿಸಿದರೆ ಎರಡು ಕಣ್ಣೂ ನೆಟ್ಟಗೆ ಕಾಣುತ್ತಿದ್ದವು. ಉಳಿದವರು ಅಂಗಳದಲ್ಲಿ ಕುಂಟೆಬಿಲ್ಲೆ ಆಡುವಾಗ ನಾನು ಒಳಗೆ ಅದನ್ನೇ ಅಭ್ಯಾಸ ಮಾಡಿದೆ. ಊಟಕ್ಕೂ ಹಾಗೇ ಕೂರತೊಡಗಿದೆ.

"ಯಾಕವ್ವ ಕತ್ತು ಅಂಗೆ ಮಾಡ್ಕಂಡಿದ್ದೀಯ? ಉಳುಕ್ತಾ?" ಎಂದಳು ಅಜ್ಜಿ.

"ಇಲ್ಲಜ್ಜಿ."

"ಮತ್ತೆ ನೆಟ್ಟಗೆ ಕೂತ್ಕಂಡು ಉಣ್ಣು. ಸಾರೆಲ್ಲ ಲಂಗದ ಮ್ಯಾಲೆ ಓಯ್ತಾ ಐತೆ."

ಜಡೆಯ ದಿನ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮೊಗ್ಗಿನ ತಣ್ಣನೆಯ ವಾಸನೆ ಮನೆಯೆಲ್ಲ ತುಂಬಿತ್ತು. ಪಕ್ಕದ ಮನೆಯ ಅತ್ತೆ ನನ್ನ ಗಿಡ್ಡ ಕೂದಲಿಗೆ ಚೌರಿ ಸೇರಿಸಿ ಹೆಣೆದು, ರಟ್ಟಿನ ಮೇಲೆ ಮೊಗ್ಗು ಹೊಲಿದ ಪಟ್ಟಿಯನ್ನು ಸೂಜಿದಾರದಿಂದ ಬಿಗಿದರು. ಎದ್ದು ನಿಂತರೆ ತಲೆ ಹಿಂದಕ್ಕೆ ಜಗ್ಗಿತು, ಗದ್ದ ತಾನಾಗಿ ಮೇಲೆದ್ದಿತು. ಕಲಿತ ಭಂಗಿ ಆ ಭಾರಕ್ಕೆ ನಿಲ್ಲುತ್ತಲೇ ಇರಲಿಲ್ಲ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಅಮ್ಮ, ಅಜ್ಜಿಯ ನಡುವೆ ಕೂತು ಉದ್ದಕ್ಕೂ ಕತ್ತು ತಿರುಗಿಸಲು ನೋಡಿದೆ. ಅಮ್ಮ ಮಾತ್ರ, "ಒರಗ್ಬೇಡ, ಮೊಗ್ಗು ನಲುಗ್ತದೆ" ಎನ್ನುತ್ತಿದ್ದಳು.

ಪೌಡರಿನ ಘಮ ತುಂಬಿದ್ದ ಸ್ಟುಡಿಯೋದಲ್ಲಿ ಕನ್ನಡಿಗೆ ಬೆನ್ನು ಮಾಡಿಸಿ ನನ್ನನ್ನು ನಿಲ್ಲಿಸಿದರು. "ಇಲ್ನೋಡು ಪಾಪು," ಎಂದರು ಫೋಟೋದವರು. ನೋಡುತ್ತಲೇ ಇದ್ದೆ. "ಅಲ್ಲಲ್ಲ, ಇಲ್ಲಿ." ಆಮೇಲೆ ಅವರಿಗೆ ಅರ್ಥವಾಯಿತು. ಅಮ್ಮನ ಹತ್ತಿರ ಹೋಗಿ ಮೆಲ್ಲಗೆ, "ಅಕ್ಕ, ಬರೀ ಬೆನ್ನು ತೆಗೀಲಾ? ಜಡೆ ತಾನೆ ಮುಖ್ಯ," ಎಂದರು.

ಅಮ್ಮ ನನ್ನ ಮುಖ ನೋಡಿ, "ಹಾಗೇ ಮಾಡಿ," ಎಂದಳು. ಮಾತು ಮುಗಿಯುವುದರೊಳಗೆ ನಾನು ಅರ್ಧ ತಿರುಗಿದ್ದೆ.

ಬೆಂಚಿನಲ್ಲಿದ್ದ ಅಜ್ಜಿ ಎದ್ದಳು. "ಜಡೆ ಸಂಜೀಕೆ ಬಿಚ್ಚಾಕ್ತೀವಿ ಕಣಪ್ಪ. ಮೂತಿ ಇರ್ಲಿ."

"ಅವಳಿಗೆ ಇಷ್ಟ ಇಲ್ಲ, ಬಿಡವ್ವ," ಎಂದಳು ಅಮ್ಮ.

"ಅವಳನ್ನೇ ಕೇಳಾನ." ಅಜ್ಜಿ ಕ್ಯಾಮೆರಾದ ಪಕ್ಕಕ್ಕೆ ಬಂದು ನಿಂತಳು. "ಅದನ್ನ ಯಾಕೆ ನೋಡ್ತೀಯ, ನನ್ನ ನೋಡು. ಆಗಕಿಲ್ಲ ಅಂದ್ರೆ ಆ ಕಡೆ ತಿರುಗ್ಕ, ಯಾರೂ ಬಯ್ಯಕಿಲ್ಲ."

ನಮ್ಮ ಮನೆಯಲ್ಲಿ ನನ್ನ ಕಣ್ಣಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಂದು ನಾನೇ ಎತ್ತಿದೆ.

"ಯಾವ ಕಣ್ಣಲ್ಲಿ ನೋಡ್ಲಿ ಅಜ್ಜಿ?"

"ಯಾವುದ್ರಲ್ಲಾರ ನೋಡು. ನನ್ನೇ ನೋಡ್ತಿದ್ದೀಯ ಅನ್ನದು ನಂಗೆ ಗೊತ್ತಾಗಕಿಲ್ವಾ? ಉಟ್ಟಿದಾಗಿಂದ ನೋಡ್ತಾ ಇದೀಯ."

ನಾನು ಮತ್ತೆ ಮುಂದಕ್ಕೆ ತಿರುಗಿದೆ. ಕತ್ತನ್ನು ಜಡೆ ಎಳೆದಷ್ಟಕ್ಕೆ ಬಿಟ್ಟೆ. ಅಜ್ಜಿ ತಾಂಬೂಲದ ಹಲ್ಲು ತೋರಿಸಿ ನಕ್ಕಳು, ನಾನೂ ನಕ್ಕೆ. ದೀಪ ಮಿಂಚಿತು.

ಪಿಯುಸಿ ಮುಗಿದ ಮೇಲೆ ಹಾಸನದಲ್ಲಿ ಆಪರೇಷನ್ ಆಗಿ ಕಣ್ಣು ನೆಟ್ಟಗಾಯಿತು. ಈಗ ಫೋನಿನ ತುಂಬ ನನ್ನ ಫೋಟೋಗಳಿವೆ. ಎಲ್ಲದರಲ್ಲೂ ನಾನು ಎತ್ತ ನೋಡುತ್ತಿದ್ದೇನೆಂಬುದು ಸ್ಪಷ್ಟ. ಅಜ್ಜಿ ಈಗಿಲ್ಲ. ಆ ಹಳೆಯ ಫೋಟೋ ನೋಡಿದವರು ಮೊದಲು ಕನ್ನಡಿಯಲ್ಲಿ ಕಾಣುವ ಜಡೆಯನ್ನು ಹೊಗಳಿ, ಆಮೇಲೆ, "ಯಾರನ್ನ ನೋಡ್ತಾ ನಗ್ತಿದ್ದೀಯ?" ಎಂದು ಕೇಳುತ್ತಾರೆ. "ಅಜ್ಜಿಯನ್ನ," ಎನ್ನುತ್ತೇನೆ. ಅವರು ಫೋಟೋದಲ್ಲಿ ಅವಳನ್ನು ಹುಡುಕುತ್ತಾರೆ. ಅವಳನ್ನೂ ನನ್ನ ಪಕ್ಕ ನಿಲ್ಲಿಸಿ ಇನ್ನೊಂದು ತೆಗೆಸಬೇಕೆಂದು ಅಂದು ನಮಗ್ಯಾರಿಗೂ ಹೊಳೆಯಲಿಲ್ಲ.