ಚಿಕ್ಕು ಗಿಡದ ಮೇಲೊಂದು ನೋಟೀಸು

ಟೆರೇಸಿನ ಬಾಗಿಲಿಗೆ ಅಂಟಿಸಿದ್ದ ನೋಟೀಸನ್ನು ಎರಡು ಸಲ ಓದಿದೆ. ಮೇಲಿರುವ ಡ್ರಮ್‌ಗಳನ್ನೆಲ್ಲ ಹದಿನೈದು ದಿನಗಳೊಳಗೆ ತೆಗೆಯಬೇಕು, ಇಲ್ಲದಿದ್ದರೆ ಅಸೋಸಿಯೇಶನ್ನೇ ತೆಗೆಸುತ್ತದೆ. ಡ್ರಮ್ ಯಾರದ್ದೆಂದು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಮಂಗಳೂರಿನ ದೇರೆಬೈಲಿನ ನಮ್ಮ ಐದು ಮಾಳಿಗೆಯ ಕಟ್ಟಡದಲ್ಲಿ ಡ್ರಮ್ಮಿನಲ್ಲಿ ಹಣ್ಣಿನ ಮರ ಬೆಳೆಸುವ ಹುಚ್ಚಿ ನಾನೊಬ್ಬಳೇ. ನಾನು ನೋಟೀಸನ್ನು ಹರಿಯಲಿಲ್ಲ. ಅದರ ಕೆಳಗೆ 'ಓದಿದ್ದೇನೆ, ತೆಗೆಯುವುದಿಲ್ಲ' ಎಂದು ಬರೆದು, ಸಹಿ ಹಾಕಿ, ಗಿಡಗಳಿಗೆ ನೀರು ಹಾಕಲು ಹೋದೆ.

ಇಪ್ಪತ್ತಾರು ವರ್ಷ ಗಲ್ಫಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಅಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ಕೈ ಚಾಚಿ ಕೊಯ್ದು ತಿನ್ನುವ ಹಣ್ಣೊಂದು ಮಾತ್ರ ಇರಲಿಲ್ಲ. ಊರಿಗೆ ಬಂದು ನಾಲ್ಕನೇ ಮಾಳಿಗೆಯಲ್ಲಿ ಫ್ಲ್ಯಾಟ್ ಕೊಂಡ ಮೇಲೆ, ಅರ್ಧಕ್ಕೆ ಕೊಯ್ಸಿದ ನೀಲಿ ಡ್ರಮ್‌ಗಳಿಗೆ ಸುಡುಮಣ್ಣು ತುಂಬಿಸಿ ಚಿಕ್ಕು, ಪೇರಳೆ, ಜಂಬುನೇರಳೆ, ಲಿಂಬೆ ಎಂದು ಹನ್ನೊಂದು ಗಿಡ ನೆಟ್ಟೆ. ಎಲ್ಲವೂ ಕುಲಶೇಖರದ ಕಡೆಯಿಂದ ಆಟೋದಲ್ಲಿ ತಂದ ಕಸಿ ಗಿಡಗಳು. ಬಂಗುಡೆ ಮೀನು ತೊಳೆದ ನೀರೆಲ್ಲ ಅವುಗಳಿಗೇ.

ಮೊದಲ ಮಳೆಗಾಲದಲ್ಲೇ ಚಿಕ್ಕು ಸತ್ತಿತು. ಮರುಭೂಮಿಯಲ್ಲಿ ಎಣ್ಣೆ ಡಬ್ಬಿಯೊಳಗೆ ಕರಿಬೇವು ಬೆಳೆಸುತ್ತಿದ್ದೆ, ಒಂದು ಹನಿ ನೀರೂ ಪೋಲಾಗಬಾರದೆಂದು ಡಬ್ಬಿಗೆ ತೂತು ಮಾಡುತ್ತಿರಲಿಲ್ಲ. ಅದೇ ಬುದ್ಧಿ ಇಲ್ಲಿಯೂ. ಮಂಗಳೂರಿನಲ್ಲಿ ಹುಟ್ಟಿ ಬೆಳೆದವಳು ಮಂಗಳೂರಿನ ಮಳೆಯನ್ನೇ ಮರೆತಿದ್ದೆ. ಜೂನ್ ಮುಗಿಯುವಷ್ಟರಲ್ಲಿ ಡ್ರಮ್ಮು ಬಾವಿಯಾಗಿ ಬೇರು ಕೊಳೆತು ಚರಂಡಿಯ ವಾಸನೆ ಬಂತು. ನನ್ನ ಮೇಲೆ ನನಗೇ ಸಿಟ್ಟು ಬಂದು, ಎರಡನೇ ಚಿಕ್ಕುವಿನ ಡ್ರಮ್ಮಿನ ತಳಕ್ಕೆ ಹೆಬ್ಬೆರಳು ಹೋಗುವಷ್ಟು ದೊಡ್ಡ ಹನ್ನೆರಡು ತೂತು ಕೊರೆಸಿ, ನೇರ ಟೆರೇಸಿನ ನೆಲದ ಮೇಲೆಯೇ ಇಟ್ಟೆ. ಆ ಗಿಡ ನಾಲ್ಕು ವರ್ಷದಲ್ಲಿ ನನ್ನ ಎತ್ತರಕ್ಕೆ ಬೆಳೆದು ಮಿಡಿ ಬಿಟ್ಟಿತು. ನೋಟೀಸು ಬಂದದ್ದು ಆಗಲೇ.

ಅಸೋಸಿಯೇಶನ್ನಿನ ಸೆಕ್ರೆಟರಿ ನಿವೃತ್ತ ಮ್ಯಾನೇಜರ್. ನಾನು ಬರೆದದ್ದನ್ನು ಓದಿದವರೇ ನಮ್ಮ ಬೆಲ್ ಒತ್ತಿದರು.

"ಎಂತ ಮೇಡಂ ಇದು? ಐದನೇ ಮಾಳಿಗೆಯಲ್ಲಿ ನೀರು ಸೋರ್ತಾ ಉಂಟು."

"ಸೋರುವುದು ಬಿಲ್ಡರಿನ ಸಿಮೆಂಟು ಸರ್, ನನ್ನ ಗಿಡ ಅಲ್ಲ."

"ಅಷ್ಟು ಆಸೆ ಇದ್ರೆ ಎಲ್ಲಿಯಾದ್ರೂ ಜಾಗ ತಗೊಳ್ಳಿ."

"ಹಣ್ಣು ತಿನ್ಲಿಕ್ಕೆ ಜಾಗದ ಆರ್‌ಟಿಸಿ ಬೇಕಾ ಸರ್?"

ಅವರು ಹೋದ ಮೇಲೆ ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, "ಬಿಡು ಮಾರಾಯ್ತಿ, ಮಾರ್ಕೆಟಿನಲ್ಲಿ ಚಿಕ್ಕು ಸಿಗುವುದಿಲ್ವಾ?" ಎಂದರು. ಅವರೊಡನೆ ಎರಡು ದಿನ ಮಾತು ಬಿಟ್ಟೆ.

ತಪ್ಪು ನನ್ನದಲ್ಲವೆಂದು ತೋರಿಸಿಯೇ ಸಿದ್ಧ ಎಂದುಕೊಂಡು, ಅಳತೆಯ ಟೇಪು ಹಿಡಿದು ಐದನೇ ಮಾಳಿಗೆಗೆ ಹೋದೆ. ಅಲ್ಲಿರುವುದು ಒಂದು ಬ್ಯಾರಿ ಕುಟುಂಬ. ಗಂಡ ಸೌದಿಯಲ್ಲಿ, ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಸೀಲಿಂಗಿನ ಕಲೆ ಸರಿಯಾಗಿ ಅವಳ ಮೆಷಿನ್ ಇಡುವ ಜಾಗದ ಮೇಲಿತ್ತು. ಮೆಷಿನ್ನನ್ನು ಮೂಲೆಗೆ ತಳ್ಳಿ ಕೆಳಗೆ ಬಾಲ್ದಿ ಇಟ್ಟಿದ್ದಳು.

"ಕಂಪ್ಲೇಂಟ್ ಕೊಟ್ಟದ್ದು ನಾನಲ್ಲ ಆಂಟಿ," ಎಂದಳು. "ಮಕ್ಕಳಿಗೆ ಪೇರಳೆ ಕೊಡ್ತೀರಿ ನೀವು. ನಾನು ಹೇಗೆ ಹೇಳುವುದು? ಸೆಕ್ರೆಟರಿಯವರೇ ಬಂದು ನೋಡಿದ್ದು."

ನಾನು ಗೋಡೆಯಿಂದ ಕಲೆಗೆ ಎಷ್ಟು ದೂರವೆಂದು ಅಳೆದು ಟೆರೇಸಿಗೆ ಬಂದೆ. ಅದೇ ಗೋಡೆಯಿಂದ ಅಷ್ಟೇ ದೂರ ಅಳೆದಾಗ ಟೇಪಿನ ತುದಿ ಚಿಕ್ಕುವಿನ ಡ್ರಮ್ಮಿಗೆ ಬಡಿಯಿತು. ಗಂಡನನ್ನು ಕರೆದು ಇಬ್ಬರೂ ಸೇರಿ ತಳ್ಳಿದೆವು. ಅದು ಅಲುಗಲಿಲ್ಲ. ಕಬ್ಬಿಣದ ಸರಳು ಕೊಟ್ಟು ಮೀಟಿದಾಗ ಗೊತ್ತಾಯಿತು: ನಾನು ಕೊರೆಸಿದ ತೂತುಗಳಿಂದಲೇ ಬೇರು ಇಳಿದು ನೆಲದ ಬಿರುಕಿನೊಳಗೆ ನುಗ್ಗಿತ್ತು. ಸೋರಿಸಿದ್ದು ನನ್ನ ಗಿಡವೇ.

ಗರಗಸದ ಬ್ಲೇಡಿನಿಂದ ಬೇರುಗಳನ್ನು ನಾನೇ ಕೊಯ್ದೆ. ಕೈಗೆಲ್ಲ ಗಿಡದ ಬಿಳಿ ಹಾಲು ಅಂಟಿತು. ಮರುದಿನವೇ ಮಿಡಿಗಳೆಲ್ಲ ಉದುರಿದವು, ವಾರದೊಳಗೆ ಎಲೆಗಳೂ ಹೋದವು. ಬಿರುಕು ಮುಚ್ಚಿಸಿದೆ, ಕೆಳಗಿನ ಸೀಲಿಂಗಿಗೆ ಬಣ್ಣ ಹೊಡೆಸಿದೆ. ಮೆಷಿನ್ನನ್ನು ಮತ್ತೆ ಅದರ ಜಾಗಕ್ಕೆ ತಳ್ಳಲು ನಾನೂ ಒಂದು ಕೈ ಹಾಕಿದೆ.

ಮುಂದಿನ ಭಾನುವಾರ ಅಸೋಸಿಯೇಶನ್ನಿನ ಮೀಟಿಂಗಿಗೆ ಕೊಯ್ದ ಬೇರುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲೆ ಬಿಚ್ಚಿಟ್ಟೆ. "ಸೋರಿಸಿದ್ದು ಇದು. ತಪ್ಪು ನನ್ನದು, ಸರಿ ಮಾಡಿಸಿದ್ದೇನೆ. ಉಳಿದ ಹತ್ತು ಗಿಡ ಎಂತ ತಪ್ಪು ಮಾಡಿವೆ ಹೇಳಿ," ಎಂದೆ. ಯಾರೋ ಹಿಂದಿನಿಂದ, ಈ ಪ್ರಾಯದಲ್ಲಿ ಇದೆಲ್ಲ ಯಾಕೆ ಎಂದರು. ಈ ಪ್ರಾಯದಲ್ಲಿ ಅಲ್ಲದೆ ಇನ್ನು ಯಾವ ಪ್ರಾಯದಲ್ಲಿ ಎಂದು ಕೇಳಿದೆ. ಐದನೇ ಮಾಳಿಗೆಯ ಹೆಂಗಸು ಎದ್ದು ನಿಂತು, ತನಗೆ ದೂರಿಲ್ಲ ಎಂದು ಸಣ್ಣ ಸ್ವರದಲ್ಲಿ ಹೇಳಿದಳು. ಕೊನೆಗೊಂದು ನಿರ್ಣಯವಾಯಿತು. ಡ್ರಮ್‌ಗಳನ್ನು ಒಂದಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಬೇಕು. ಸೆಕ್ರೆಟರಿ ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ. ಸತ್ತ ಗಿಡವಿದ್ದರೆ ಆ ಡ್ರಮ್ಮು ಹೋಗಬೇಕು, ಅದರ ಜಾಗಕ್ಕೆ ಹೊಸದು ಬರಕೂಡದು. ಕೊನೆಯ ಮಾತನ್ನು ಸೆಕ್ರೆಟರಿ ಯಾವ ಗಿಡದ ಮೇಲೆ ಕಣ್ಣಿಟ್ಟು ಸೇರಿಸಿದರೆಂದು ನನಗೆ ಗೊತ್ತಿತ್ತು.

ಮುಂದಿನ ತಿಂಗಳು ಪುಸ್ತಕ, ಪೆನ್ನು ಹಿಡಿದು ಬಂದರು. ಹತ್ತು ಡ್ರಮ್‌ಗಳ ಅಡಿಗೆ ಬಗ್ಗಿ ನೋಡಿದರು. ಹನ್ನೊಂದನೆಯದರ ಮುಂದೆ ಬಗ್ಗಲೇ ಇಲ್ಲ. ಚಿಕ್ಕುವಿನ ಎಲೆಯಿಲ್ಲದ ಕಡ್ಡಿಯನ್ನು ನೋಡಿ, "ಇದು ಸತ್ತಿದೆ ಮೇಡಂ. ತೆಗೆಸಿಬಿಡಿ," ಎಂದು ಪೆನ್ನಿನ ಮುಚ್ಚಳ ತೆಗೆದರು.

ಆಸ್ಪತ್ರೆಯಲ್ಲಿ ಹಾಸಿಗೆಯ ಕಾಲ ಬುಡದಲ್ಲಿ ನಿಂತುಕೊಂಡೇ ರೋಗಿ ಇನ್ನಿಲ್ಲವೆಂದು ಬರೆಯಲು ಹೊರಟವರನ್ನು ನಾನು ಬಹಳ ಕಂಡಿದ್ದೇನೆ. ಕೆಲವರ ಕೈಯನ್ನು ಹಿಡಿದು ನಿಲ್ಲಿಸಿದ್ದೇನೆ ಕೂಡ.

"ಮುಟ್ಟದೆ ಬರೀಬೇಡಿ ಸರ್," ಎಂದೆ. ಬುಡಕ್ಕಿಂತ ಒಂದು ಗೇಣು ಮೇಲೆ ಉಗುರಿನಿಂದ ತೊಗಟೆ ಗೀರಿದೆ. ಒಳಗೆ ಹಸಿರಿತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗೀರಿನುದ್ದಕ್ಕೂ ಬಿಳಿ ಹಾಲು ಜಿನುಗಿತು. ಅವರ ಬೆರಳನ್ನು ಹಿಡಿದು ಅದಕ್ಕೆ ಮುಟ್ಟಿಸಿದೆ.

"ಈಗ ಬರೆಯಿರಿ. ಜೀವ ಉಂಟು ಅಂತ."

ಅವರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಬರೆದರು. ಪುಸ್ತಕವನ್ನು ಕೈಗೆ ತೆಗೆದುಕೊಂಡು ಓದಿ ನೋಡಿದ ಮೇಲೆಯೇ ಅವರನ್ನು ಮೆಟ್ಟಿಲಿಳಿಯಲು ಬಿಟ್ಟೆ.