ಜ್ವಾಳ ಹೆಚ್ಚಾಗ್ಯಾವ್ರಿ

ನಮ್ಮ ನರಸಬಾಯಿಗೆ ಕನ್ನಡ ಬರುತ್ತಿತ್ತು. ಬರುತ್ತಿತ್ತು ಅಂದರೆ ಹೇಗೋ ಏನೋ ಅಲ್ಲ, ನಾವು ಅರ್ಧಕ್ಕೇ ನುಂಗಿಬಿಡುವ ಶಬ್ದಗಳನ್ನು ಆಕೆ ಪೂರ್ತಿ ಉಚ್ಚರಿಸುತ್ತಿದ್ದಳು. ಸಮುದ್ರದಾಚೆಯಿಂದ ನರ್ಸ್ ಆಗಿ ಬಂದಾಕೆ, ಧಾರವಾಡದಲ್ಲಿ ಪಂಡಿತರೊಬ್ಬರ ಮುಂದೆ ಕೂತು ವ್ಯಾಕರಣ ಸಮೇತ ಕಲಿತಿದ್ದಳಂತೆ. "ತಾವು ಊಟ ಮಾಡಿದಿರೇನು?" ಎಂದು ಕೇಳಿದರೆ ನಮ್ಮ ಲಾರಿ ಡ್ರೈವರ್ ತಬ್ಬಿಬ್ಬಾಗಿ ಹಿಂದೆ ತಿರುಗಿ ನೋಡುತ್ತಿದ್ದ, ತನ್ನ ಬೆನ್ನ ಹಿಂದೆ ಯಾರೋ ಸಾಹೇಬರು ನಿಂತಿರಬೇಕು ಅಂತ.

ಅವು ನಲವತ್ತರ ದಶಕದ ಬರಗಾಲದ ದಿನಗಳು. ವಿಜಾಪುರಕ್ಕೆ ನೀರು ಕೊಡುತ್ತಿದ್ದ ಭೂತನಾಳ ಕೆರೆ ತಳ ಕಂಡಿತ್ತು. ಹೊರದೇಶದ ಸೇವಾಸಂಘವೊಂದು ಸೊಲ್ಲಾಪುರ ರಸ್ತೆಯ ಮುಚ್ಚಿಹೋದ ಹತ್ತಿ ಗಿರಣಿಯಲ್ಲಿ ಬಿಡಾರ ಹೂಡಿ, ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಹಾಲಿನ ಪುಡಿ, ಗಂಜಿ, ಔಷಧ ಹಂಚುತ್ತಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ನಾನು ಸ್ವಯಂಸೇವಕಿಯಾಗಿ ಹೆಸರು ಕೊಟ್ಟೆ. "ಮದವಿ ಆಗದ ಹುಡುಗಿ ಲಾರಿ ಹತ್ತಿ ಊರೂರು ತಿರಗತಾಳಂತ" ಎಂದು ಅವ್ವ ಮುಖ ಗಂಟು ಹಾಕಿಕೊಂಡಳು. ನಾನು ಹೋದೆ. ನನಗೆ ಬೇಡ ಅಂದದ್ದನ್ನು ಮಾಡುವ ಚಟ ಆಗಲೂ ಇತ್ತು, ಈಗಲೂ ಇದೆ.

ಹಾಲಿನ ಪುಡಿ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಅದಕ್ಕೆ ನರಸಬಾಯಿ ಮನೆಮನೆಗೆ ಹೋಗಿ, ಕಾಳುಕಡ್ಡಿ ಏನಾದರೂ ಉಳಿದಿದೆಯೇ ಎಂದು ವಿಚಾರಿಸಿ, ಏನೂ ಇಲ್ಲದವರಿಗೆ ಚೀಟಿ ಕೊಡುತ್ತಿದ್ದಳು. ಚೀಟಿ ಇದ್ದವರ ಮಕ್ಕಳಿಗೆ ಹಾಲು. ನಮ್ಮವರು ಯಾರಾದರೂ ಜೊತೆಗೆ ಬರುತ್ತೇವೆ ಅಂದರೆ ಆಕೆಗೆ ಸಿಟ್ಟೇ ಬರುತ್ತಿತ್ತು, ದುಭಾಷಿ ಬೇಕಾಗುವುದು ಭಾಷೆ ಬಾರದವರಿಗೆ ಎನ್ನುತ್ತಿದ್ದಳು. ಹಾಗಾಗಿ ತಿಕೋಟಾ ಹಳ್ಳಿ ಆಕೆಯ ಪಾಲಿಗೆ, ಬಬಲೇಶ್ವರದಲ್ಲಿ ಹಾಲು ಕಲಸುವುದು ನನ್ನ ಪಾಲಿಗೆ ಬಂತು.

ತಿಕೋಟಾದಲ್ಲಿ ಹಾಲು ಕಾಸುವವಳಿಗೆ ಜ್ವರ ಬಂದು ಒಂದು ದಿನ ನಾನೇ ಅಲ್ಲಿಗೆ ಹೋಗಬೇಕಾಯಿತು. ಪಾಳಿ ಉದ್ದವಿತ್ತು. ನಾನು ಸೌಟಿನಿಂದ ಹಾಲು ಹಾಕುತ್ತಿದ್ದೆ, ನರಸಬಾಯಿ ಚೀಟಿ ನೋಡುತ್ತಿದ್ದಳು. ಅಂದು ಆಕೆಯ ಮನಸ್ಸು ಹಗುರಾಗಿತ್ತು. ಇಷ್ಟು ಕಷ್ಟದಲ್ಲೂ ಈ ಊರಿನ ಒಂದು ಮನೆಯಲ್ಲಿ ಸಮೃದ್ಧಿ ಇದೆ, ಬಳೆಗಾರನ ಮನೆ, ಗಂಡ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿದ್ದಾನೆ, ಹೆಂಡತಿ ಧೈರ್ಯಸ್ಥೆ ಎಂದಳು. ಬರಗಾಲದಲ್ಲಿ ಬಳೆ ಇಡಿಸಿಕೊಳ್ಳುವವರು ಯಾರು, ಆ ಮನೆಯಲ್ಲಿ ಸಮೃದ್ಧಿ ಎಲ್ಲಿಂದ ಬಂತು ಎಂದು ನನಗೆ ಸೋಜಿಗವಾಯಿತು. ಆ ಹೆಂಡತಿ ಏನೆಂದಳು ಎಂದು ಕೇಳಿದೆ. ನರಸಬಾಯಿ ಉತ್ಸಾಹದಿಂದ, ಹಳ್ಳಿಯ ಧಾಟಿಯನ್ನೇ ಹಿಡಿದು ಹೇಳಿದಳು: "ಜ್ವಾಳ ಹೆಚ್ಚಾಗ್ಯಾವ್ರಿ."

ಸೌಟು ಕೈಜಾರಿ ಹಾಲಿನೊಳಗೆ ಮುಳುಗಿತು.

ನಮ್ಮ ಕಡೆಯ ಹೆಂಗಸರು ಮನೆಯಲ್ಲಿ ಕಾಳು ಮುಗಿಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹಾಗಂದರೆ ಲಕ್ಷ್ಮಿ ಹೊರಟುಹೋಗುತ್ತಾಳೆ. ಉಪ್ಪು ಖಾಲಿಯಾದರೆ ಉಪ್ಪು ಹೆಚ್ಚಾಯಿತು, ಬಳೆ ಒಡೆದರೆ ಬಳೆ ಹೆಚ್ಚಾಯಿತು. ನಾನೂ ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು. ಅದನ್ನು ಯಾವ ಪಂಡಿತರು ತಾನೆ ವ್ಯಾಕರಣದಲ್ಲಿ ಕಲಿಸಿಯಾರು?

ನಾನು ಹೇಳಿದೆ. ನರಸಬಾಯಿಗೆ ಮೊದಲು ಅರ್ಥವಾಗಲಿಲ್ಲ. ಹೆಚ್ಚು ಎಂದರೆ ಹೆಚ್ಚು ತಾನೆ ಎಂದಳು. ಇನ್ನೊಮ್ಮೆ ಬಿಡಿಸಿ ಹೇಳಿದಾಗ ಕೈಯಲ್ಲಿದ್ದ ಚೀಟಿಗಳನ್ನು ಕೆಳಗಿಟ್ಟಳು. "ಹೋದ ವಾರ ಆಕೆ ಪಾಳಿಗೆ ಬಂದಿದ್ದಳು. ನಾನೇ ಹಿಂದಕ್ಕೆ ಕಳಿಸಿದೆ" ಎಂದಳು. ನಾನು ಹಾಲಿನ ಡಬ್ಬಿ ಹಿಡಿದುಕೊಂಡು ಓಡಿದೆ. ಆಕೆ ಟೊಪ್ಪಿಗೆ ಅಲ್ಲೇ ಬಿಟ್ಟು ನನ್ನ ಹಿಂದೆ ಓಡಿಬಂದಳು.

ಬಳೆಗಾರನ ಮನೆಯ ಕಟ್ಟೆಯ ಮೇಲೆ ಅವನ ಮುದಿ ತಾಯಿ ಕೂತಿದ್ದಳು. ಒಳಗೆ ಸೊಸೆ ಒಲೆ ಊದುತ್ತಿದ್ದಳು. ಒಲೆಯ ಮೇಲೆ ಗಡಿಗೆ, ಗಡಿಗೆಯಲ್ಲಿ ಬರೀ ನೀರು. ಓಣಿಯವರಿಗೆ ಹೊಗೆ ಕಾಣಲಿ ಎಂದು ಕುದಿಸುತ್ತಿದ್ದಳು. ಮೂಲೆಯಲ್ಲಿ ನಾಲ್ಕೈದು ವರ್ಷದ ಹುಡುಗಿ ಕಣ್ಣು ಅರ್ಧ ತೆರೆದು ಮಲಗಿತ್ತು, ಪಾದ ಬಾತಿದ್ದವು. ನರಸಬಾಯಿ ನೆಲಕ್ಕೆ ಕುಸಿದು ಕೂತು ಚಮಚದಿಂದ ಹಾಲು ಹಾಕತೊಡಗಿದಳು. ಮೊದಲ ಚಮಚ ಕಟವಾಯಿಯಿಂದ ಹೊರಗೆ ಬಂತು. ಆಮೇಲೆ ಹುಡುಗಿ ಗುಟುಕರಿಸಿತು.

ಆಗ ನರಸಬಾಯಿ ತಲೆ ಎತ್ತಿ ಸುತ್ತ ನೋಡಿದಳು. "ಆ ದಿನ ತಮ್ಮ ಸೊಂಟದ ಮೇಲೆ ಇನ್ನೊಂದು ಮಗುವಿತ್ತು" ಎಂದಳು.

ಸೊಸೆ ಒಲೆಗೆ ಇನ್ನೊಂದು ಕಡ್ಡಿ ಇಟ್ಟಳು. ಮುದುಕಿಯೇ ಕಟ್ಟೆಯಿಂದ ಹೇಳಿದಳು. "ಸಣ್ಣ ಕೂಸು ಮೊನ್ನಿ ಹೋತ್ರಿ, ಬಾಯಾರ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದೆ ಆ ತಾಯಿಯ ಮೇಲೆಯೇ ಹರಿಹಾಯ್ದೆ. "ಇಲ್ಲ ಅಂತ ಬಾಯಿಬಿಟ್ಟು ಯಾಕ ಹೇಳಲಿಲ್ಲಬೇ ನೀ?"

"ಇಲ್ಲ ಅಂತ ಹೆಂಗ ಅನ್ನೂದ್ರಿ ಅಕ್ಕಾರ? ದೀಪಾ ಹಚ್ಚೂ ಹೊತ್ತು. ಮನ್ಯಾಗ ಎರಡು ಕೂಸು ಇದ್ದೂ."

"ಪಾಳ್ಯಾಗಿಂದ ಸುಮ್ಮನ ಯಾಕ ಬಂದಿ?"

ಆಕೆ ಒಲೆಯ ಕಡೆ ಮುಖ ತಿರುಗಿಸಿದಳು. "ನಿಮ್ಮಲ್ಲಿ ಹೆಚ್ಚಾಗಿದೆಯಲ್ಲ ಅಂತ ಬಾಯಾರು ನಕ್ಕೋತ ಅಂದ್ರು. ಅಷ್ಟು ಮಂದಿ ಮುಂದ ಚಾಷ್ಟಿ ಮಾಡಾಕತ್ತಾರ ಅಂತ ತಿಳದೆ. ಮತ್ತ ಬರಾಕ ಮನಸ ಆಗಲಿಲ್ಲ."

ನರಸಬಾಯಿ ನಕ್ಕದ್ದು ಸಂತೋಷದಿಂದ, ಅದು ನನಗೆ ಗೊತ್ತು. ಊರಿನಲ್ಲಿ ಒಂದಾದರೂ ಮನೆ ಹಸಿದಿಲ್ಲ ಎಂಬ ಸಂತೋಷ. ಆ ತಾಯಿ ಇಲ್ಲ ಅನ್ನದೇ ಇದ್ದದ್ದು ಮಕ್ಕಳು ಬದುಕಲಿ ಅಂತ. ಇಬ್ಬರಲ್ಲಿ ಒಬ್ಬರದೂ ಕೆಟ್ಟ ಮನಸ್ಸಲ್ಲ. ಕೂಸು ಮಾತ್ರ ಸತ್ತಿತ್ತು. ಶುಭದ ಮಾತು ಎಂದು ನಾವು ಕಲಿತದ್ದು ಒಂದು ಕೂಸನ್ನು ತಿಂದುಹಾಕಿತ್ತು ಎಂಬುದನ್ನು ನಂಬಲು ನನಗೆ ಬಹಳ ಕಾಲ ಹಿಡಿಯಿತು, ಪೂರ್ತಿ ನಂಬಿದ್ದೇನೆ ಎಂದು ಇವತ್ತಿಗೂ ಹೇಳಲಾರೆ.

ನಾವು ಎದ್ದು ಹೊರಡುವಾಗ ಆ ಹೆಣ್ಣುಮಗಳೇ ನರಸಬಾಯಿಯ ತೋಳು ಮುಟ್ಟಿ, "ಇರಲಿ ಬಿಡ್ರಿ, ನಿಮಗ ಹೆಂಗ ತಿಳೀಬೇಕು" ಎಂದಳು. ಬೈದಿದ್ದರೆ ಒಳ್ಳೆಯದಿತ್ತು. ಅಂದು ರಾತ್ರಿ ನಮ್ಮ ಮನೆಯಲ್ಲಿ ಅವ್ವ ಎಣ್ಣೆ ಹೆಚ್ಚಾಗಿದೆ ಎಂದಾಗ ನಾನು ತಟ್ಟೆ ಬಿಟ್ಟು ಎದ್ದುಹೋದೆ.

ಮುಂದಿನ ವಾರ ನರಸಬಾಯಿ ನನ್ನ ಜೊತೆ ಬಬಲೇಶ್ವರಕ್ಕೆ ಬಂದಳು. ಮೊದಲ ಮನೆಯಲ್ಲೇ ಚಪ್ಪಲಿ ಕಳಚಿ, ಏನೂ ಕೇಳದೆ, ನೇರ ಅಡುಗೆಮನೆಯ ಕಡೆ ನಡೆದಳು. ಹೊರಗಿನವರು ಅಡುಗೆಮನೆಗೆ ಕಾಲಿಡುವುದು ಆಗ ಸಣ್ಣ ಮಾತಲ್ಲ. ಮನೆಯ ಹಿರಿಯಳು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ಏನು ಬೇಕ್ರಿ? ಇಲ್ಲೇ ಕೇಳ್ರಿ, ಹೇಳತೇನಿ" ಎಂದಳು.

ನರಸಬಾಯಿ ಕೈಮುಗಿದಳು.

"ನನಗೆ ಕನ್ನಡ ಬರುವುದಿಲ್ಲ ತಾಯಿ. ಗಡಿಗೆ ತೋರಿಸಿ."